ಮಾತು ಮಾತ್ರ ಬೇಡ

ಚಳಿ ಹಿಂದೆಗೆಯುತ್ತಿದ್ದ ಕಾಲ. ಗುರುವಾರ, ಬೆಳಿಗ್ಗೆ ಏಳು ಗಂಟೆ. ಕೀಪರ್ ಮುಂಬಾಗಿಲಿನ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಶವದ ಪೆಟ್ಟಿಗೆ ಅಗಲವಾಗಿತ್ತು. ಬಾಗಿಲು ಕಳಚದೆ ಒಳಗೆ ಬರುವಂತಿರಲಿಲ್ಲ.

"ನಿಮ್ಮಪ್ಪ ಆಯಸ್ಸೆಲ್ಲ ಬ್ಯಾಟ್ ಹಿಡಿದು ಮೈ ಓರೆ ಮಾಡ್ಕೊಂಡೇ ನಿಂತೋನು," ಎಂದ ಕೀಪರ್. "ಈಗ ನೋಡು, ನೆಟ್ಟಗೆ ಬರ್ಬೇಕಂತೆ."

"ನಗಿಸ್ಬೇಡಿ ಚಿಕ್ಕಪ್ಪ, ಬಾಗಿಲು ಕೈ ಜಾರುತ್ತೆ," ಎಂದಳು ಬಾಗಿಲು ಹಿಡಿದಿದ್ದ ಮಗಳು. ಕಣ್ಣು ಊದಿಕೊಂಡಿತ್ತು, ಆದರೂ ನಕ್ಕಳು.

ಸತ್ತವನನ್ನು ಎಲ್ಲರೂ ಓಪನರ್ ಎಂದೇ ಕರೆಯುತ್ತಿದ್ದರು. ಇನಿಂಗ್ಸ್ ಶುರುಮಾಡಲು ಮೈದಾನಕ್ಕೆ ಇಳಿದದ್ದು ಆರು ವರ್ಷ ಮಾತ್ರ. ಆಮೇಲಿನ ಮೂವತ್ತು ವರ್ಷ ಮನೆಯ ಮುಂದಿನ ಕೋಣೆಯಲ್ಲಿ ಕೂತು ಮಂದಿಯ ಬ್ಯಾಟು ರಿಪೇರಿ ಮಾಡಿದ. ಸೀಳಿದ್ದಕ್ಕೆ ಅಂಟು ಹಾಕಿ ಬಿಗಿಯುವುದು, ಹಿಡಿಗೆ ದಾರ ಸುತ್ತುವುದು, ಎಣ್ಣೆ ಹಚ್ಚುವುದು. ಹೆಸರು ಮಾತ್ರ ಓಪನರ್ ಎಂದೇ ಉಳಿಯಿತು. ಕೀಪರ್ ಅವನ ತಂಡದಲ್ಲಿ ವಿಕೆಟ್ ಹಿಂದೆ ನಿಲ್ಲುತ್ತಿದ್ದವನು, ನಾಲ್ಕು ವರ್ಷ ಕಿರಿಯ.

ಒಳಗೆ ಐದು ಗಂಟೆಯಿಂದ ಫೋನಿನಲ್ಲಿದ್ದ ಓಪನರನ ಹೆಂಡತಿ ಹೊರಗೆ ಬಂದಳು.

"ಕ್ರಿಕೆಟ್ ಸಂಘದ ಆಫೀಸಿಂದ ಫೋನ್ ಬಂದಿತ್ತು. ಗಂಟಲು ಬರ್ತಾನಂತೆ, ಹನ್ನೊಂದಕ್ಕೆ. ಎರಡು ಮಾತಾಡ್ತಾನಂತೆ."

ಕೀಪರನ ಕೈ ನಿಂತಿತು. ಗಂಟಲು ಎಂಬುದು ಅಡ್ಡಹೆಸರು, ಎದುರು ತಂಡದವನು. ಬ್ಯಾಟ್ಸ್‌ಮನ್ನಿನ ಮೊಣಕಾಲ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಫೀಲ್ಡಿಂಗ್ ಮಾಡುತ್ತಿದ್ದ. ಅಲ್ಲಿ ಅವನಿಗೆ ಎರಡು ಕೆಲಸ. ಕೈಗೆ ಕ್ಯಾಚು, ಬಾಯಿಗೆ ಮಾತು. ಬೌಲರಿಗಿಂತ ಹೆಚ್ಚು ವಿಕೆಟ್ ಅವನ ನಾಲಗೆಯೇ ಕಿತ್ತಿದೆ ಎಂದು ಅವನ ಕಡೆಯವರೇ ಹೆಮ್ಮೆಯಿಂದ ಹೇಳುತ್ತಿದ್ದರು. ಈಗ ಆಯ್ಕೆ ಸಮಿತಿಯ ಅಧ್ಯಕ್ಷ.

"ಬರ್ಬೇಡಿ ಅಂದ್ಯಾ ಅಮ್ಮ?"

"ಬರ್ಲಿ ಅಂದೆ." ಹೆಂಡತಿ ಮೆಟ್ಟಿಲ ಮೇಲೆ ಕೂತಳು. "ಕುರ್ಚಿ ಕೇಳಿದ್ರೆ ಕೊಡಿ. ನೀರು ಕೇಳಿದ್ರೆ ಕೊಡಿ. ಹೆಗಲು ಕೊಡ್ತೀನಿ ಅಂದ್ರೆ ಕೊಡ್ಲಿ. ಮಾತು ಮಾತ್ರ ಬೇಡ. ಯಾರ ಬಾಯಿಂದ್ಲೂ ಒಂದಕ್ಷರ ಬೀಳಬಾರ್ದು. ಹ್ಞೂಂ ಅನ್ನೋದೂ ಬೇಡ. ಎಲ್ಲರಿಗೂ ಫೋನ್ ಮಾಡಿ ಹೇಳಿದೀನಿ. ಉಳಿದೋನು ನೀನೊಬ್ಬನೇ."

ಕೀಪರ್ ಕೈಯಲ್ಲಿದ್ದ ಸ್ಕ್ರೂ ನೋಡುತ್ತ ನಿಂತ. "ಅತ್ತಿಗೆ, ನನ್ನ ಅಳಿಯನ ಕೋಚ್ ಕೆಲಸ..."

"ಅವನ ಕೈಲೇ ಇದೆ. ಗೊತ್ತಪ್ಪ."

"ಎರಡು ಮಕ್ಕಳು ಅವನಿಗೆ."

"ಅದೂ ಗೊತ್ತು. ಅವತ್ತು ಮಾತಾಡಬೇಕಾದ ಹೊತ್ತಲ್ಲಿ ಸುಮ್ಮನಿದ್ದೆ ನೀನು. ಇವತ್ತು ಸುಮ್ಮನಿರು. ನಾನು ಇನ್ನೇನೂ ಕೇಳಲ್ಲ."

ಕೀಪರ್ ಬಾಗಿಲಿನ ಕಡೆ ತಿರುಗಿದ. ಕೊನೆಯ ಸ್ಕ್ರೂ ಗಟ್ಟಿಯಾಗಿತ್ತು. ಅದನ್ನು ಬಿಚ್ಚುವುದಕ್ಕೆ ಬಹಳ ಹೊತ್ತು ತೆಗೆದುಕೊಂಡ.

*

ಮೂವತ್ತು ವರ್ಷದ ಹಿಂದಿನ ಮಾತು, ಪಂದ್ಯದ ಕೊನೆಯ ದಿನ. ಹಿಂದಿನ ಸಂಜೆ ಓಪನರನ ಹೆಂಡತಿಗೆ ಏಳು ತಿಂಗಳಿಗೇ ಹೆರಿಗೆಯಾಗಿ ಮಗು ಉಳಿದಿರಲಿಲ್ಲ. ಆಸ್ಪತ್ರೆಯ ಮಂಚದ ಪಕ್ಕ ಕೂತಿದ್ದವನನ್ನು "ಇಲ್ಲಿ ಕೂತು ಏನ್ ಮಾಡ್ತೀರಿ, ಹೋಗಿ ಆಡಿ" ಎಂದು ಅವಳೇ ಕಳಿಸಿದ್ದಳು.

ಪೆವಿಲಿಯನ್ನಿನಲ್ಲಿ ಸುದ್ದಿಗೆ ಕಾಲು ಮೂಡಲು ಎಷ್ಟು ಹೊತ್ತು ಬೇಕು? ಎರಡನೇ ಓವರಿಗೇ ಗಂಟಲು ಶುರುಮಾಡಿದ. ದನಿ ಏರಿಸಲಿಲ್ಲ. ಪಕ್ಕದ ಮನೆಯವನ ಹಾಗೆ ಕೇಳಿದ.

"ಮನೇಲಿ ತೊಟ್ಟಿಲು ತಂದಿಟ್ಟಿದ್ಯಂತಲ್ಲ. ಮಾರ್ತೀಯಾ? ನಮ್ಮಕ್ಕನಿಗೆ ಬೇಕಿತ್ತು."

ಓಪನರ್ ಬೌಲರಿನ ಕೈಯನ್ನೇ ನೋಡುತ್ತಿದ್ದ.

"ಹೊಸದೇ ತಾನೆ? ಬಳಸಿಲ್ವಲ್ಲ?"

ಅಂಪೈರು ತನ್ನ ಬೂಟು ನೋಡಿಕೊಂಡ. ನಾಲ್ಕು ಗಂಟೆ ಹೀಗೇ ನಡೆಯಿತು. ಆ ನಾಲ್ಕು ಗಂಟೆಯಲ್ಲಿ ಓಪನರ್ ತೊಂಬತ್ತೊಂದು ರನ್ ಮಾಡಿದ. ಬಾಯಿ ತೆರೆಯಲಿಲ್ಲ. ಗೆಲ್ಲಲು ನಲವತ್ತು ಬೇಕಿದ್ದಾಗ ಒಂದು ಚೆಂಡು ಅಂಚಿಗೆ ತಾಗಿ ತಗ್ಗಿನಲ್ಲಿ ಹಾರಿತು. ಗಂಟಲು ಉರುಳಿ ಕೈ ಮೇಲೆತ್ತಿದ. ಎದುರು ತುದಿಯಲ್ಲಿ ಜೊತೆಗೆ ಬ್ಯಾಟು ಹಿಡಿದು ನಿಂತಿದ್ದ ಕೀಪರ್, ಚೆಂಡು ನೆಲಕ್ಕೆ ತಾಗಿ ಸಣ್ಣಗೆ ಧೂಳೆದ್ದದ್ದನ್ನು ಕಂಡಿದ್ದ. ಅಂಪೈರಿಗೆ ಬೌಲರ್ ಅಡ್ಡ ಬಂದಿದ್ದ.

ಅನುಮಾನವಾದರೆ ಹಿಡಿದವನನ್ನೇ ಕೇಳಬೇಕು, ಅವನ ಮಾತು ನಂಬಬೇಕು. ಆಗಿನ ಆಟಗಾರರೊಳಗೆ ಹಾಗೊಂದು ರೂಢಿ ಇತ್ತು. ಆ ದಿನ ಮೊದಲ ಸಲ ಓಪನರ್ ಗಂಟಲಿನ ಮುಖ ನೋಡಿದ.

"ಹಿಡಿದ್ಯಾ?"

"ಹಿಡಿದೆ."

ಅಂಪೈರು ಬೆರಳೆತ್ತುವ ಮೊದಲೇ ಓಪನರ್ ಬ್ಯಾಟು ಕಂಕುಳಲ್ಲಿಟ್ಟುಕೊಂಡು ನಡೆದ. ತನ್ನ ಪಕ್ಕದಲ್ಲೇ ಹಾದುಹೋದವನಿಗೆ ನಿಲ್ಲು ಎನ್ನಲು ಕೀಪರ್ ಬಾಯಿ ತೆರೆದ. ಆಮೇಲೆ ಮುಚ್ಚಿಕೊಂಡ. ಅದು ಅವನ ಮೊದಲ ಪಂದ್ಯ.

ಹದಿನೆಂಟು ರನ್ನಿಗೆ ಸೋತರು. "ಅಂಪೈರು ಹೇಳೋ ತನಕ ನಿಲ್ಲೋಕೆ ನಿನಗೇನಾಗಿತ್ತು ದಾಡಿ?" ಎಂದು ಮ್ಯಾನೇಜರ್ ಎಲ್ಲರೆದುರು ಬೈದ. ಮುಂದಿನ ವರ್ಷದ ಪಟ್ಟಿಯಲ್ಲಿ ಓಪನರನ ಹೆಸರಿರಲಿಲ್ಲ.

ಆಸ್ಪತ್ರೆಗೆ ಬಂದು ಹೆಂಡತಿಗೆ ಹೇಳಿದ್ದು ಇಷ್ಟೇ: "ಹಿಡಿದೆ ಅಂದ. ಬಂದೆ."

ಕ್ಯಾಚು ಸುಳ್ಳೆಂದು ವರ್ಷದೊಳಗೆ ಆಟದವರಿಗೆಲ್ಲ ಗೊತ್ತಾಯಿತು, ಅವಳಿಗೂ. ತೊಟ್ಟಿಲಿನ ಮಾತು ಗೊತ್ತಾದದ್ದು ಮಾತ್ರ ಎರಡು ವರ್ಷದ ಕೆಳಗೆ, ಓಪನರ್ ಮೊದಲ ಸಲ ಹಾಸಿಗೆ ಹಿಡಿದಾಗ. ಮನಸ್ಸು ಹಗುರಾಗಲೆಂದು ಕೀಪರ್ ಎಲ್ಲವನ್ನೂ ಅವಳ ಮುಂದೆ ಹೇಳಿದ. ಅವನು ಹಗುರಾದ.

*

ಅದಕ್ಕೂ ಬಹಳ ಮೊದಲು ಒಮ್ಮೆ ಗಂಟಲಿನ ಬ್ಯಾಟೇ ಯಾರದೋ ಕೈಯಲ್ಲಿ ರಿಪೇರಿಗೆ ಬಂದಿತ್ತು. ಹಿಡಿ ಸಡಿಲವಾಗಿತ್ತು.

"ಒಳಗೆ ಒಂದು ಸೀಳು ಹಾಗೇ ಬಿಟ್ಬಿಡಿ," ಎಂದಿದ್ದಳು ಹೆಂಡತಿ. "ಮೊದಲ ಹೊಡೆತಕ್ಕೇ ಕಿತ್ತು ಕೈಗೆ ಬರ್ಲಿ."

ಓಪನರ್ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. "ಬ್ಯಾಟ್ ಏನ್ ಮಾಡ್ತು ಪಾಪ?"

"ಅವನು ಮಾಡಿದ್ದಲ್ವಾ?"

"ಅವನು ರಿಪೇರಿಗೆ ಬಂದಿಲ್ವಲ್ಲೇ."

ಹಿಡಿಯನ್ನು ಎರಡು ಸಲ ಬಿಚ್ಚಿ ಸುತ್ತಿ ಕಳಿಸಿದ. ಅವನ ಧರ್ಮ ಅವನಿಗೆ ಎಂದುಕೊಂಡು ಅವಳು ಒಳಗೆ ಹೋದಳು. ತನ್ನದು ಬೇರೆ ಎಂಬುದು ಅವಳಿಗೆ ಆಗಲೇ ಗೊತ್ತಿತ್ತು.

*

ಹನ್ನೊಂದಕ್ಕೆ ಕಾರು ಬಂತು. ದೊಡ್ಡದೊಂದು ಹೂವಿನ ಚಕ್ರ ಹಿಡಿದು ಗಂಟಲು ಇಳಿದ. ಅಂಗಳದಲ್ಲಿ ಅಲ್ಲಿಯವರೆಗೆ ಗುಜುಗುಜು ಇತ್ತು. ಓಪನರ್ ಒಮ್ಮೆ ತನ್ನ ಬೆರಳನ್ನೇ ಬ್ಯಾಟಿಗೆ ಅಂಟಿಸಿಕೊಂಡ ಕತೆಯನ್ನು ಯಾರೋ ಹೇಳುತ್ತಿದ್ದರು. ಅದು ಅರ್ಧಕ್ಕೇ ನಿಂತಿತು.

"ಏನಾಗಿತ್ತು? ಹೃದಯಾನಾ?" ಎಂದು ಗಂಟಲು ಎದುರಿಗಿದ್ದವನನ್ನು ಕೇಳಿದ. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಸ್ವಲ್ಪ ನೀರು ಕೊಡಮ್ಮ."

ಮಗಳು ಲೋಟ ತಂದು ಕೊಟ್ಟಳು.

"ಮಗಳಾ ನೀನು? ಏನ್ ಓದಿದೀಯ?"

ಮಗಳು ಲೋಟಕ್ಕಾಗಿ ಕೈ ಚಾಚಿ ನಿಂತಿದ್ದಳು. ಗಂಟಲು ಕುಡಿದು ಲೋಟ ಹಿಂದಿರುಗಿಸಿದ. ದುಃಖದ ಮನೆ, ಮಾತಾಡದಿದ್ದರೆ ಸಹಜ ಎಂದುಕೊಂಡಿರಬೇಕು. ಒಳಗೆ ಹೋಗಿ ಪೆಟ್ಟಿಗೆಯ ತಲೆಯ ಕಡೆ ನಿಂತು ಕೈ ಮುಗಿದು ತನ್ನ ಎರಡು ಮಾತು ಶುರುಮಾಡಿದ.

"ದೊಡ್ಡ ಆಟಗಾರ. ನಾನು ಏನೇ ಅಂದ್ರೂ ತಿರುಗಿ ಒಂದು ಮಾತಾಡ್ಲಿಲ್ಲ. ಕ್ರೀಡಾ ಮನೋಭಾವ ಅಂದ್ರೆ ಅದು. ಮೈದಾನದ ಮಾತು ಮೈದಾನಕ್ಕೇ ಮುಗೀತು ಅನ್ನೋ ಮನುಷ್ಯ. ಅಲ್ವೇನ್ರಪ್ಪ?"

ಹಳೆಯ ಆಟಗಾರರ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದ. ಅವರೆಲ್ಲ ಅವನನ್ನೇ ನೋಡುತ್ತಿದ್ದರು. ತಲೆಯನ್ನು ಕೂಡ ಯಾರೂ ಅಲ್ಲಾಡಿಸಲಿಲ್ಲ.

ಕಣ್ಣು ಕೀಪರನ ಮೇಲೆ ನಿಂತಿತು. ಗಂಟಲಿನ ಮುಖದಲ್ಲೊಂದು ನಗು ಹುಟ್ಟಿತು.

"ಏನಯ್ಯ ಕೀಪರ್! ನಿನ್ನ ಅಳಿಯನ ಅರ್ಜಿ ನನ್ನ ಮೇಜಿನ ಮೇಲೇ ಇದೆ. ಸೋಮವಾರ ಕೂರ್ತೀವಿ. ಒಳ್ಳೆ ಹುಡುಗ ತಾನೆ?"

ಹೆಂಡತಿ ಪೆಟ್ಟಿಗೆಯ ಪಕ್ಕ ಕೂತಿದ್ದಳು. ತಲೆ ಎತ್ತಲಿಲ್ಲ.

"ಕೇಳ್ತಿರೋದು ನಿನ್ನನ್ನೇ ಕಣಯ್ಯ. ಒಳ್ಳೆಯವನು ಅಂತ ಒಂದು ಮಾತು ಹೇಳು, ಸಾಕು ನನಗೆ."

ಕೀಪರ್ ಗೋಡೆಯ ಬದಿಗೆ ಹೋಗಿ ಒಂದು ಕುರ್ಚಿ ತಂದ. ಅಂಗೈಯಲ್ಲೇ ಅದರ ಧೂಳು ಒರೆಸಿ ಗಂಟಲಿನ ಹಿಂದೆ ಇಟ್ಟ. ತನ್ನ ಜಾಗಕ್ಕೆ ಹಿಂದಿರುಗಿ ಕೈ ಕಟ್ಟಿ ನಿಂತ.

ಗಂಟಲಿಗೆ ಆಗ ಅರ್ಥವಾಯಿತು. ಅವನು ಕೂರಲಿಲ್ಲ.

"ಓಹೋ," ಎಂದ. "ಮೊದಲೇ ಮಾತಾಡ್ಕೊಂಡಿದೀರಿ." ನಕ್ಕ. ನಗು ಒಂಟಿಯಾಗಿ ನಿಂತಿತು. "ಆಟದಲ್ಲಿ ಎಲ್ಲರೂ ಅಂತಾರೆ ಕಣ್ರೀ. ನಾನು ಸ್ವಲ್ಪ ಜಾಸ್ತಿ ಅಂದೆ, ಅಷ್ಟೆ. ನೀವೇನು ಸಾಚಾಗಳಾ?"

ಹೆಂಡತಿ ಎದ್ದು ಪೆಟ್ಟಿಗೆ ಎತ್ತಲು ಕೈಸನ್ನೆ ಮಾಡಿದಳು.

*

ಗಂಟಲೂ ಹೆಗಲು ಕೊಟ್ಟ, ಯಾರೂ ತಡೆಯಲಿಲ್ಲ. ದಾರಿಯುದ್ದಕ್ಕೂ ಮಾತಾಡಿದ. ಹವೆಯ ವಿಷಯ, ತನ್ನ ಮಂಡಿನೋವು, ತಾನು ಆಡಿದ ಪಂದ್ಯಗಳು. ಉಸಿರು ಬಿಗಿಹಿಡಿದು ಹೊತ್ತವರಿಗೆ ಸುಮ್ಮನಿರುವುದು ಸುಲಭವಾಗಿತ್ತು.

ಪೆಟ್ಟಿಗೆ ಕೆಳಗಿಳಿಯಿತು. ಒಬ್ಬೊಬ್ಬರೂ ಮೂರು ಸಲಿಕೆ ಮಣ್ಣು ಹಾಕುವುದು, ಹಿಂದಿನವರು "ಕೊಡಿ" ಎಂದು ಸಲಿಕೆ ತೆಗೆದುಕೊಳ್ಳುವುದು ಅಲ್ಲಿಯ ಪದ್ಧತಿ; ಯಾರಾದರೂ ಕೇಳುವ ತನಕ ಸಲಿಕೆ ಕೆಳಗಿಡುವಂತಿಲ್ಲ. ಹೆಂಡತಿ ಹಾಕಿದಳು, ಮಗಳು ಹಾಕಿದಳು. ಕೀಪರ್ ಹಾಕಿದ. ಹಳೆಯ ಆಟಗಾರರು, ಬೀದಿಯವರು ಹಾಕಿದರು. ಗಂಟಲು ಸಾಲಿನ ಕೊನೆಗೆ ಬಂದು ಕೈ ಚಾಚಿದಾಗ ಸಲಿಕೆ ಅವನ ಕೈಗೂ ಬಂತು.

ಒಂದು, ಎರಡು, ಮೂರು. ಅವನು ಕಾದ. ಹಿಂದೆ ಯಾರೂ ಇರಲಿಲ್ಲ. ಮುಂದೆ ಇದ್ದವರು ಕೈ ಚಾಚಲಿಲ್ಲ. ಸಲಿಕೆ ನೆಲಕ್ಕೆಸೆದು ಹೋಗುವುದಕ್ಕೆ ಅಷ್ಟು ಜನರ ಕಣ್ಣು ಬಿಡಲಿಲ್ಲ. ನಾಲ್ಕನೆಯದು ಹಾಕಿದ, ಐದನೆಯದು ಹಾಕಿದ.

ಗುಂಡಿ ತೋಡುವವನು ದೂರದ ಮರದ ಕೆಳಗಿದ್ದ. ಮಗಳು ಹೋಗಿ ಅವನ ಕಿವಿಯಲ್ಲಿ ಏನೋ ಹೇಳಿದಳು.

"ನನಗೇನಮ್ಮ? ನನ್ನ ಕೆಲಸ ಅವ್ರು ಮಾಡ್ತಾ ಇದಾರೆ," ಎಂದು ಅವನು ಸಿಗರೇಟು ಹಚ್ಚಿಕೊಂಡು ಕೂತ.

ಗಂಟಲು ಕೋಟು ಬಿಚ್ಚಿ ಹುಲ್ಲಿನ ಮೇಲಿಟ್ಟ. ಮುಖ ಕೆಂಪಾಗಿತ್ತು. "ಹಿಡೀಲಿಲ್ಲ!" ಎಂದ ಇದ್ದಕ್ಕಿದ್ದಂತೆ. "ನೆಲಕ್ಕೆ ತಾಗಿತ್ತು ಚೆಂಡು. ಗೊತ್ತಿತ್ತು ನನಗೆ. ತೊಟ್ಟಿಲಿನ ಮಾತೂ ನಾನೇ ಆಡಿದ್ದು. ತಪ್ಪಾಯ್ತಮ್ಮ. ಈಗ ಬೈಯಿರಿ. ಉಗೀರಿ. ಏನಾದ್ರೂ ಅನ್ನಿ!"

ಮಗಳ ತುಟಿ ಅಲುಗಿತು. ತಾಯಿ ಅವಳ ಮಣಿಕಟ್ಟು ಹಿಡಿದುಕೊಂಡಳು. ಆಡಬೇಕಾದ ಮಾತು ತಾಯಿಯ ಬಳಿ ಬೇಕಾದಷ್ಟಿತ್ತು. ಎರಡು ವರ್ಷ ಪಾತ್ರೆ ತೊಳೆಯುತ್ತ, ಔಷಧಿ ಅಳೆಯುತ್ತ ಜೋಡಿಸಿಟ್ಟದ್ದು. ಅದರಲ್ಲಿ ಒಂದನ್ನೂ ಅವನಿಗೆ ಕೊಡಲಿಲ್ಲ.

ಮೊದಲು ಬೀದಿಯವರು ಹೋದರು. ಆಮೇಲೆ ಹಳೆಯ ಆಟಗಾರರು ಒಬ್ಬರ ಹಿಂದೊಬ್ಬರು, ಕೀಪರ್ ಅವರ ಕೊನೆಯಲ್ಲಿ. ಗುರುವಾರ ಮಧ್ಯಾಹ್ನ ಒಂದೂವರೆಗೆ ತಾಯಿ ಮಗಳು ಗೇಟು ದಾಟಿದರು. ಗುಂಡಿ ತುಂಬಿ ಮಣ್ಣು ದಿಬ್ಬವಾಗಿ ಏರುತ್ತಿತ್ತು. ಅದರ ಮೇಲೆ ಬಿಳಿ ಅಂಗಿಯವನೊಬ್ಬ ಸಲಿಕೆ ಎತ್ತಿ ಇಳಿಸುತ್ತ, ಪ್ರತಿ ಸಲಿಕೆಗೂ ಒಮ್ಮೆ ತಲೆ ಎತ್ತಿ, "ಸಾಕಾ?" ಎಂದು ಕೇಳುತ್ತಿದ್ದ.