ನೆಲ ನೋಡುವ ಸಂಘಮಿತ್ರ

ಸಂಘಮಿತ್ರ ತಲೆಯೆತ್ತಿ ನಡೆದದ್ದನ್ನು ನಾನು ಕಂಡಿಲ್ಲ. ಮುದ್ದೇನಹಳ್ಳಿಯಾಚೆಯ ನಮ್ಮ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಹೇಳುವವನು, ಆಕೆ ಸಿವಿಲ್ ವಿಭಾಗದ ಅಧ್ಯಾಪಕಿ. ಎದುರಾದಾಗಲೆಲ್ಲ ಆಕೆಯ ದೃಷ್ಟಿ ನನ್ನ ಪಾದದ ಬಳಿಯ ನೆಲದಲ್ಲೇ ನೆಟ್ಟಿರುತ್ತಿತ್ತು, ಕೈಗಳು ಮಾತ್ರ ತಮ್ಮ ಪಾಡಿಗೆ ನಮಸ್ಕಾರ ಮುಗಿಸಿಬಿಡುತ್ತಿದ್ದವು. ಹೆಣ್ಣು ನೋಡಲು ಕೆಂಚಾರ್ಲಹಳ್ಳಿಯಿಂದ ಬಂದಿದ್ದ ಲಕ್ಷ್ಮಿದೇವಮ್ಮ ಈ ಅಧೋಮುಖವನ್ನೇ ಮೆಚ್ಚಿ, "ಎಷ್ಟು ನಾಚ್ಕೆ ಮಗೀಗೆ" ಎಂದು ಸೊಸೆ ಮಾಡಿಕೊಂಡರಂತೆ. ಆವತ್ತು ಆಕೆ ನೋಡುತ್ತಿದ್ದುದು ನಡುಮನೆಯ ಗಾರೆಯ ಬಿರುಕನ್ನು ಎಂಬುದು ಅವರಿಗೆ ಮದುವೆಯಾದ ಮೇಲೆ ತಿಳಿಯಿತು.

ಒಂದು ಕಾಲಕ್ಕೆ ಬೆಳ್ಳಗಿದ್ದ ಆಕೆಯ ಪ್ರಯೋಗಶಾಲೆಯ ಕೋಟು ಭತ್ತದ ಹೊಟ್ಟಿನ ಬೂದಿ ಕೂತು ಕೂತು ಅದರ ಬಣ್ಣಕ್ಕೇ ತಿರುಗಿತ್ತು. ಜೇಬಿನಲ್ಲೊಂದು ಭೂತಗನ್ನಡಿ, ಒಂದು ಸೀಮೆಸುಣ್ಣದ ತುಂಡು. ಅಕ್ಕಿ ಗಿರಣಿಯವರು ಬೇಡವೆಂದು ಸುರಿಯುವ ಆ ಬೂದಿಯನ್ನು ನುಣ್ಣಗೆ ಅರೆದು, ಅಷ್ಟರಮಟ್ಟಿಗೆ ಸಿಮೆಂಟು ಉಳಿಸಿ, ಕಾಂಕ್ರೀಟು ಮಾಡುವುದು ಆಕೆಯ ವ್ರತ. ಆ ಕಾಂಕ್ರೀಟು ಒಣಗುತ್ತ ಕುಗ್ಗಿ ಬಿರುಕು ಬಿಡುವುದೇ ವ್ರತಭಂಗ. ಆದ್ದರಿಂದ ಏನು ಕೆಟ್ಟರೂ ಆಕೆಯ ಪ್ರಶ್ನೆ ಒಂದೇ: "ನೀರು ಎಲ್ಲಿ ಹೋಯ್ತು?" ಸಾರು ಗಟ್ಟಿಯಾದ ದಿನವೂ ಅದನ್ನೇ ಕೇಳಿ ಕ್ಯಾಂಟೀನಿನವನ ತಲೆ ತಿನ್ನುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಅತ್ತೆಯ ರೇಷ್ಮೆ ಹುಳುಮನೆಗೆ ಬೂದಿಯ ನೆಲ ಹಾಕಿಸಿದಳು. ಹುಳುಮನೆಯಲ್ಲಿ ಬಿರುಕೆಂದರೆ ಬರಿಯ ಕುರೂಪವಲ್ಲ; ಅದರೊಳಗೆ ರೋಗ ಅಡಗುತ್ತದೆ, ಅದರೊಳಗಿಂದ ಇರುವೆ ಬರುತ್ತದೆ. "ನಮ್ಮ ಹುಡುಗಿ ಹಾಕ್ಸಿದ್ದು" ಎಂದು ಲಕ್ಷ್ಮಿದೇವಮ್ಮ ಊರಿಗೆಲ್ಲ ತೋರಿಸಿದ ನೆಲ ಕೆಲವೇ ವಾರಗಳಲ್ಲಿ ಉದ್ದಗಲಕ್ಕೂ ಒಡೆಯಿತು. ಹಣ್ಣಾಗಿ ಇನ್ನೇನು ಗೂಡು ಕಟ್ಟಲಿದ್ದ ಹುಳುಗಳಿಗೆ ಇರುವೆ ಮುತ್ತಿ ಒಂದಿಡೀ ಬೆಳೆ ಹೋಯಿತು. ಅತ್ತೆ ಬೈಯಲಿಲ್ಲ, ಸೊಸೆಯೊಡನೆ ಮಾತೇ ಬಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದು ಸ್ಟಾಫ್ ರೂಮಿನಲ್ಲಿ ನನ್ನೆದುರು ಅತ್ತಳು.

ಗಾರೆ ಕೆಲಸದ ಕೋನಪ್ಪ ಸುಲಭದ ದಾರಿ ಹೇಳಿದ: "ಸಿಮೆಂಟ್ ಹಾಲು ಬಳ್ದುಬಿಟ್ರೆ ಕಾಣ್ಸಲ್ಲ ಬಿಡಮ್ಮ."

"ನಮಗೆ ಕಾಣ್ಸಲ್ಲ ಕೋನಪ್ಪ. ಇರುವೆಗೆ ಕಾಣ್ಸುತ್ತೆ."

ನೆಲವನ್ನು ಒಡೆಸಿದಳು. ಕಲಸಲು ಹಾಕಿದ ನೀರನ್ನು ಒಣ ಬೂದಿ ಹೀರಿತ್ತು, ಉಳಿದದ್ದನ್ನು ಬಿಸಿಗಾಳಿ ಒಯ್ದಿತ್ತು. ಇಷ್ಟನ್ನು ಮೊದಲೇ ಯೋಚಿಸಬೇಕಿತ್ತೆಂದು ತನ್ನನ್ನೇ ಶಪಿಸಿಕೊಂಡಳು. ಈ ಸಲ ಬೂದಿಯನ್ನು ಮುಂಚೆಯೇ ನೆನೆಸಿ, ಕಲಸುವ ನೀರನ್ನು ಅಷ್ಟೇ ಕಡಿಮೆ ಮಾಡಿ, ತೆಂಗಿನ ನಾರು ಕತ್ತರಿಸಿ ಬೆರೆಸಿ, ಕಿಟಕಿಗಳನ್ನು ಮುಚ್ಚಿಸಿ, ಹೊಸ ನೆಲಕ್ಕೆ ಒದ್ದೆ ಗೋಣಿಚೀಲ ಹೊದಿಸಿದಳು. ಸೆಕೆಗಾಲದಲ್ಲಿ ಹುಳುಗಳಿಗೆ ತಂಪಾಗಲೆಂದು ಅತ್ತೆ ಕಿಟಕಿಗೆ ಕಟ್ಟುವ ಚೀಲಗಳವು. ಯಾರೂ ಕೇಳದೆ ಅವನ್ನು ತಂದು ಕೊಟ್ಟು, ಹೊತ್ತುಹೊತ್ತಿಗೆ ನೀರು ಚಿಮುಕಿಸಿದವರೂ ಲಕ್ಷ್ಮಿದೇವಮ್ಮನೇ. ಮಾತು ಮಾತ್ರ ಇರಲಿಲ್ಲ.

ಮೊನ್ನೆ ನಾನು ಹೋದಾಗ ಹುಳುಮನೆಯಲ್ಲಿ ಅತ್ತೆ, ಸೊಸೆ ಇಬ್ಬರೂ ಬಾಗಿ ನೆಲ ನೋಡುತ್ತಿದ್ದರು. ಹೊಸ ಮರಿಹುಳು ತರುವ ದಿನ ಹತ್ತಿರವಾಗಿತ್ತು. ಹೊಸ್ತಿಲ ಬಳಿ ಅತ್ತೆ ನಿಂತು, ತಮ್ಮ ತೆಲುಗು ಬೆರೆತ ಮಾತಿನಲ್ಲಿ ಇತ್ತ ನೋಡೆಂದು ಸೊಸೆಯನ್ನು ಕರೆದರು.

"ಇಟ್ಲ ಚೂಡಮ್ಮಾ, ಇಲ್ಲೊಂದೈತೆ."

ಸಂಘಮಿತ್ರ ಓಡಿಬಂದು ಭೂತಗನ್ನಡಿ ಹಿಡಿದಳು. ಕೂದಲೆಳೆಯಷ್ಟು ಗೆರೆ, ಇರುವೆಯ ಮೀಸೆಯೂ ತೂರದು. ಆದರೂ ಸೀಮೆಸುಣ್ಣದಲ್ಲಿ ಸುತ್ತು ಹಾಕಿದಳು. ಅತ್ತೆ ಗಂಭೀರವಾಗಿ ಕೇಳಿದರು: "ನೀರು ಎಲ್ಲಿ ಹೋಯ್ತಮ್ಮ?"

"ಅಲ್ಲಿ ಚೀಲ ಸರಿದಿತ್ತು ಅತ್ತೆ," ಎಂದಳು. ಅತ್ತೆಯ ಬಾಯಿಂದ ಬರುವ ಒಂದು ಮಾತಿಗೆ ಆಕೆ ಎಷ್ಟು ಕಾದಿದ್ದಳೆಂದು ಬಲ್ಲ ನನಗೂ ಸಂತೋಷವಾಯಿತು.

ತಲೆ ತಗ್ಗಿಸಿದವರನ್ನೆಲ್ಲ ನಾವು ವಿನಯವಂತರೆಂದುಕೊಂಡುಬಿಡುತ್ತೇವೆ. ಕೆಲವರನ್ನು ಬಾಗಿಸುವುದು ಬೇರೊಂದು ಅಂಜಿಕೆ: ತಾವು ಹಾಕಿದ ನೆಲದ ಮೇಲೆ ನಾಳೆ ಇನ್ನೊಬ್ಬರ ಬದುಕು ನಿಲ್ಲಬೇಕು ಎಂಬುದು. ಆ ಅಂಜಿಕೆಯುಳ್ಳವರು ಹಾಕಿದ ನೆಲದಲ್ಲಿ ಮಿಕ್ಕವರು ತಲೆಯೆತ್ತಿ ನಡೆಯಬಹುದು.