ನೆಲ ಡೊಂಕು

ಅತ್ತೆ ಜನವರಿ ಕೊನೆಗೆ ಮೊಟ್ಟೆ ಕೋಳಿ ಸಾಕಲು ಶುರುಮಾಡಿದರು. ಹಿತ್ತಲಲ್ಲಿ ಅಕ್ಕಪಕ್ಕ ಎರಡು ಕೋಣೆ, ನಡುವೆ ಇಟ್ಟಿಗೆ ಗೋಡೆ, ಕೋಣೆಗೆ ಎಪ್ಪತ್ತೈದು ಕೋಳಿ. ತಿಂಗಳಿಂದ ತಿಂಗಳಿಗೆ ಮೊಟ್ಟೆ ಏರುತ್ತಾ ಜೂನ್ ಹೊತ್ತಿಗೆ ದಿನಕ್ಕೆ ನೂರ ಮೂವತ್ತಾಯಿತು. ನೋಡಿದವರೆಲ್ಲ ಅತ್ತೆಯ ಕೈಗುಣ ಅಂದರು. ಅತ್ತೆ ಅಲ್ಲ ಅನ್ನಲಿಲ್ಲ.

ಜೂನ್ ಇಪ್ಪತ್ತೆರಡಕ್ಕೆ ಅವರ ಮೊಣಕಾಲಿನ ಆಪರೇಷನ್ ಆಯಿತು. ಕೋಳಿ ಕೋಣೆಗಳ ಬೀಗದ ಕೈ ಸೊಸೆಗೆ ಬಂತು. ಅದೇ ಮೇವು, ಅದೇ ನೀರು, ಅವೇ ಕೋಳಿ. ಆಗಸ್ಟ್‌ನಲ್ಲಿ ಮೊಟ್ಟೆ ನೂರ ಹದಿನೈದಕ್ಕೆ ಇಳಿಯಿತು, ಅಕ್ಟೋಬರ್ ಕೊನೆಗೆ ಅರವತ್ತಕ್ಕೆ.

"ನಿನ್ನ ಬೈತಿಲ್ಲಮ್ಮ," ಎಂದರು ಅತ್ತೆ. "ಕೈಗುಣ ಅನ್ನೋದು ಹುಟ್ತಾ ಬರ್ಬೇಕು. ನಿಂಗೆ ಬಂದಿಲ್ಲ, ಅಷ್ಟೇ."

ಬೈದಿದ್ದರೆ ಸೊಸೆ ಸುಮ್ಮನಿರುತ್ತಿದ್ದಳು. ಕೈಗುಣ ಸರಿಯಿಲ್ಲ ಎಂಬ ಹೆಸರು ಒಮ್ಮೆ ಅಂಟಿದರೆ ಕೋಳಿಗೇ ನಿಲ್ಲುವುದಿಲ್ಲ. ಒಡೆದ ಹಾಲು, ಒಣಗಿದ ಗಿಡ, ಮಗುವಿನ ನೆಗಡಿ, ಎಲ್ಲಕ್ಕೂ ಅದೇ ಕೈ ಕಾರಣವಾಗುತ್ತದೆ. ಗಂಡನನ್ನು ಕೇಳಿದಳು. "ಇಬ್ರ ಕೈಗುಣಾನೂ ಚೆನ್ನಾಗಿದೆ," ಎಂದು ಅವನು ಕೆಲಸಕ್ಕೆ ಹೋದ.

ಅವಳು ದನದ ಡಾಕ್ಟರನ್ನು ಕರೆಸಿದಳು. ಅವರು ಹತ್ತಾರು ಕೋಳಿಗಳ ಜುಟ್ಟು ನೋಡಿ ಕೈ ತೊಳೆದುಕೊಂಡರು.

"ಕಾಯಿಲೆ ಏನಿಲ್ಲ. ಹಗಲಿನ ಬೆಳಕು ಕಡಿಮೆಯಾಗ್ತಾ ಹೋದ್ರೆ ಕೋಳಿ ಮೊಟ್ಟೆ ಇಡೋದೂ ಕಡಿಮೆಯಾಗುತ್ತೆ. ಜೂನಲ್ಲಿ ಹಗಲು ಹದಿಮೂರು ಗಂಟೆ ಇತ್ತು, ಈಗ ಹನ್ನೊಂದೂವರೆ."

"ಉಳಿದಿದ್ದು ಎಲ್ಲಿಗೆ ಹೋಯ್ತು?" ಎಂದು ಅತ್ತೆ ಕೇಳಿದರು.

"ಭೂಮಿ ವಾಲಿಕೊಂಡೇ ಸೂರ್ಯನ ಸುತ್ತ ಸುತ್ತುತ್ತಮ್ಮ. ಆರು ತಿಂಗಳು ನಮ್ಮ ಕಡೆ ಸೂರ್ಯನತ್ತ ವಾಲಿರುತ್ತೆ, ಹಗಲು ಉದ್ದ. ಇನ್ನಾರು ತಿಂಗಳು ಆಚೆಗೆ, ಆಗ ರಾತ್ರಿ ಉದ್ದ. ಜೂನ್ ಇಪ್ಪತ್ತೊಂದು ಕಳೆದ ಮೇಲೆ ಹಗಲು ಇಳಿಯುತ್ತೆ, ಡಿಸೆಂಬರ್ ಇಪ್ಪತ್ತೊಂದು ಕಳೆದ ಮೇಲೆ ಏರುತ್ತೆ."

ಅತ್ತೆ ಸೊಸೆಯತ್ತ ತಿರುಗಿದರು. "ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ."

"ನೆಲ ಡೊಂಕೇ ಇದೆಯಮ್ಮ," ಎಂದರು ಡಾಕ್ಟರು. "ಇಪ್ಪತ್ಮೂರೂವರೆ ಡಿಗ್ರಿ."

ಮರುದಿನ ಸೊಸೆ ಬಲಗಡೆಯ ಕೋಣೆಗೆ ಮಾತ್ರ ಬಲ್ಬು, ಟೈಮರ್ ಹಾಕಿದಳು. ಬಲ್ಬು ಬೆಳಗಿನ ಜಾವ ಎರಡಕ್ಕೆ ಹತ್ತಿ, ಹೊತ್ತು ಮೂಡಿದ ಮೇಲೆ ಆರುತ್ತಿತ್ತು. ಎರಡೂ ಕಡೆ ಮೇವು ಹಾಕಿದ್ದು ಅವಳೇ. ನಾಲ್ಕು ವಾರದ ಮೇಲೆ ಬಲಗಡೆ ಅರವತ್ತೆರಡು ಮೊಟ್ಟೆ, ಎಡಗಡೆ ಇಪ್ಪತ್ತೊಂದು.

ಅತ್ತೆ ಎರಡೂ ಬುಟ್ಟಿಗಳನ್ನು ತಾವೇ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಹಾಗಾದ್ರೆ ಡಿಸೆಂಬರ್ ಇಪ್ಪತ್ತೆರಡರಿಂದ ಬೀಗದ ಕೈ ನನ್ನ ಹತ್ರ ಇರ್ಲಿ," ಎಂದರು. "ಜೂನಲ್ಲಿ ನಿಂಗೇ ಕೊಡ್ತೀನಿ."

"ಆಗ್ಲಿ ಅತ್ತೆ," ಎಂದಳು ಸೊಸೆ. ಅಂದೇ ಮಧ್ಯಾಹ್ನ ಎಡಗಡೆಯ ಕೋಣೆಗೂ ಬಲ್ಬು ಹಾಕಿದಳು.

ಬೀಗದ ಕೈ ಒಪ್ಪಿಸಿದ ದಿನ ಎರಡೂ ಕೋಣೆ ಸೇರಿ ನೂರ ಇಪ್ಪತ್ತೆಂಟು ಮೊಟ್ಟೆ. ಅತ್ತೆಯ ಕೈಯಲ್ಲಿ ಜನವರಿಯಲ್ಲಿ ನೂರ ಇಪ್ಪತ್ತೇಳು, ಫೆಬ್ರವರಿಯಲ್ಲಿ ನೂರ ಇಪ್ಪತ್ತೆಂಟು. ಮಾರ್ಚ್‌ನಲ್ಲೂ ಅಷ್ಟೇ.

ಏಪ್ರಿಲ್‌ನಲ್ಲಿ ಅತ್ತೆ ಬೀಗದ ಕೈಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು.

"ತಗೋ. ಈ ಕೋಳಿಗಳಿಗೆ ಯಾರ ಕೈಗುಣಾನೂ ತಿಳಿಯಲ್ಲ."