ಬ್ಯಾಟರಿಗೆ ಮುಡಿಸಿದ ಮಲ್ಲಿಗೆ

ವಿಜೇತಾ ಹಾಸಿಗೆಗೆ ಹೊಸ ಹೊದಿಕೆ ಹಾಕುತ್ತಿದ್ದಾಗ ಕ್ಯಾರವಾನಿನ ದೀಪ ಮಂಕಾಗಿ, ಎರಡು ಸಲ ಮಿಟುಕಿ, ಆರಿಯೇ ಹೋಯಿತು. ಫ್ರಿಜ್ಜು ಗೊರಗುಟ್ಟಿ ಸುಮ್ಮನಾಯಿತು. ಹೊರಗೆ ಕಾಪುವಿನ ಕಡಲು ಮಾತ್ರ ತನ್ನ ಪಾಡಿಗೆ ಮೊರೆಯುತ್ತಿತ್ತು.

ಬಾಗಿಲ ಗುಂಡಿ ಒತ್ತಿದಳು. ಅಲುಗಲಿಲ್ಲ. ಒಳಗಿನಿಂದಲೂ ಹೊರಗಿನಿಂದಲೂ ಬ್ಯಾಟರಿಯ ಕರೆಂಟಿನಿಂದಲೇ ತೆರೆಯುವ ಬಾಗಿಲು ಅದು. ಕೈಯಿಂದ ಎಳೆಯುವ ಹಿಡಿಕೆಯನ್ನು ಆಮೇಲೆ ಹಾಕಿಸುವ ಎಂದು ಸರ್ವೋತ್ತಮ ಮಾವ ಬಿಟ್ಟಿದ್ದರು. ಡ್ರೈವರ್ ಸೀಟಿನ ಕಡೆ ಕಪಾಟು ಅಡ್ಡ. ಕಿಟಕಿ ಸರಿದರೆ ಒಂದು ಗೇಣು, ಅದಕ್ಕೂ ಹೊರಗಿನಿಂದ ಸರಳು.

ಗಂಟೆ ಒಂದೂ ಮುಕ್ಕಾಲು. ನಾಲ್ಕರೊಳಗೆ ಅವಳು ಮಣಿಪಾಲದಲ್ಲಿರಬೇಕಿತ್ತು. ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ, ಉಳಿಯಲು ಹಾಸ್ಟೆಲ್ ಕೋಣೆ. ಇವತ್ತು ಹಾಜರಾಗಿ ಸಹಿ ಹಾಕದಿದ್ದರೆ ಅದು ಪಟ್ಟಿಯಲ್ಲಿದ್ದ ಮುಂದಿನವರಿಗೆ. ಕೆಲಸದ ಪತ್ರ ಒಂಬತ್ತು ದಿನಗಳಿಂದ ಅವಳ ಚೀಲದ ಒಳಜೇಬಿನಲ್ಲಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದಾಗೆಲ್ಲ ಮಾವ ಕ್ಯಾರವಾನಿನ ಮಾತು ತೆಗೆಯುತ್ತಿದ್ದರು. ಅಪ್ಪ ತೀರಿದ ಮೇಲೆ ಅವಳನ್ನು ಓದಿಸಿದವರು ಅವರೇ. ಹದಿನೆಂಟು ವರ್ಷ ಮಸ್ಕತ್ತಿನಲ್ಲಿ ವಯರಿಂಗ್ ಕೆಲಸ ಮಾಡಿ ಬಂದು, ಪ್ರವಾಸಿಗರಿಗೆಂದು ಈ ಗಾಡಿ ಕಟ್ಟಿಸಿದ್ದರು. ಗುಡಿಸುವುದು, ಹಾಸುವುದು, ಬಂದವರಿಗೆ ಚಹಾ ಕೊಡುವುದು ವಿಜೇತಾಳ ಪಾಲಿಗೆ ಎಂದು ಅವಳನ್ನು ಕೇಳದೆಯೇ ನಿಶ್ಚಯವಾಗಿತ್ತು.

ಮಾವನಿಗೆ ಫೋನ್ ಹಚ್ಚಿದಳು. ಅವರು ಆದಿ ಉಡುಪಿಯಲ್ಲಿ ತರಕಾರಿ ಕೊಳ್ಳುತ್ತಿದ್ದರು. ಮೆಕ್ಯಾನಿಕ್ ಸಿಲ್ವೆಸ್ಟರ್ ಕಾರ್ಕಳಕ್ಕೆ ಹೋಗಿದ್ದಾನೆ, ಐದು ಗಂಟೆಗೆ ಕರೆತರುತ್ತೇನೆ, ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡ ಎಂದರು.

"ಐದು ಗಂಟೆಯಾ ಮಾವ?"

"ಎಂತ ಅವಸರ ನಿನಗೆ? ಹಾಸಿಗೆ ಉಂಟಲ್ಲ, ಮಲಗು ಮಾರಾಯ್ತಿ."

ತಗಡಿನ ಮಾಡು ಬಿಸಿಲಿಗೆ ಕಾದು ಒಳಗೆಲ್ಲ ಬಾಣಲೆಯಂತಾಗಿತ್ತು. ಬೆವರು ಕಣ್ಣಿಗಿಳಿಯುತ್ತಿತ್ತು. ಬಿ.ಎಸ್ಸಿ.ಯಲ್ಲಿ ಮೂರು ವರ್ಷ ಭೌತಶಾಸ್ತ್ರ ಓದಿದ್ದಳು. ಮನೆಯಲ್ಲಿ ಅದನ್ನು ಯಾರೂ ಒಮ್ಮೆಯೂ ಕೇಳಿರಲಿಲ್ಲ. ಸಿಂಕಿನ ಕೆಳಗಿನ ಪೆಟ್ಟಿಗೆಯಿಂದ ಮಾವನ ಸ್ಪಾನರನ್ನೂ ಕರೆಂಟು ಅಳೆಯುವ ಮಲ್ಟಿಮೀಟರನ್ನೂ ತೆಗೆದಳು. ಮೊದಲು ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಕಿಟಕಿಯ ಬೆಳಕಿಗೆ ಹಿಡಿದಳು. ಯಾವುದೂ ಸುಟ್ಟಿರಲಿಲ್ಲ. ಆಮೇಲೆ ಬ್ಯಾಟರಿಯ ಮೇಲಿದ್ದ ಹಾಸಿಗೆಯ ಹಲಗೆ ಎತ್ತಿದಳು.

ಸೀದ ಮಲ್ಲಿಗೆಯ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯಿತು.

ಬ್ಯಾಟರಿಯ ಎರಡು ಕಂಬಗಳಿಗೆ ಮೀಟರಿನ ಕಡ್ಡಿಗಳನ್ನು ಮುಟ್ಟಿಸಿದಳು. ಹನ್ನೆರಡೂವರೆ ವೋಲ್ಟಿಗಿಂತ ಮೇಲೆ. ಬ್ಯಾಟರಿ ತುಂಬಿಯೇ ಇತ್ತು. ಒಂದು ಕಡ್ಡಿಯನ್ನು ಮೈನಸ್ ಕಂಬದಿಂದ ಅದನ್ನು ತಬ್ಬಿದ ಕ್ಲಾಂಪಿಗೆ ಸರಿಸಿದಳು. ಅಂಕಿ ಎರಡಕ್ಕೆ ಕುಸಿಯಿತು. ಕಂಬಕ್ಕೂ ಕ್ಲಾಂಪಿಗೂ ನಡುವೆ ಏನೋ ಕೂತಿತ್ತು.

ಬೆಳಿಗ್ಗೆ ಗಾಡಿಪೂಜೆಯಲ್ಲಿ, ಬ್ಯಾಟರಿಯೇ ಗಾಡಿಯ ಜೀವ, ಹೂವು ಅದಕ್ಕೇ ಮೊದಲು ಎಂದು ಮಾವನ ಹೆಂಡತಿ ಸ್ವರ್ಣಲತಾ ಮಾಮಿ ಹಟ ಹಿಡಿದಿದ್ದರು. ದಾರಿಯಲ್ಲಿ ಬೀಳಬಾರದೆಂದು ಮಾವನೇ ಕ್ಲಾಂಪು ಸಡಿಲಿಸಿ, ಶಂಕರಪುರ ಮಲ್ಲಿಗೆ ಕಟ್ಟಿದ ಬಾಳೆನಾರನ್ನು ಅದರೊಳಗೆ ತುರುಕಿ ಬಿಗಿದಿದ್ದರು. ಫ್ರಿಜ್ಜು ಕರೆಂಟು ಎಳೆದ ಹಾಗೆಲ್ಲ ಆ ಜಾಗ ಕಾದು, ನಾರು ಕರಕಲಾಗಿ ಕರೆಂಟಿಗೆ ಅಡ್ಡ ಕೂತಿತ್ತು.

ತೆಂಗಿನ ನೆರಳಲ್ಲಿ ಕೂತಿದ್ದ ಮಾಮಿ ಕಿಟಕಿಗೆ ಬಂದರು. "ಹೂವಿಗೆ ಕೈ ಹಾಕಬೇಡ. ಸಂಜೆಯವರೆಗೆ ಇರಬೇಕು ಅಂತ ಭಟ್ಟರು ಹೇಳಿದ್ದಾರೆ."

"ಕರೆಂಟು ನಿಂತದ್ದು ಇದರಿಂದಲೇ ಮಾಮಿ."

"ಹೂವಿನಿಂದ ಕರೆಂಟು ಹೋಗ್ತದಾ? ಮಸ್ಕತ್ತಿನಲ್ಲಿ ಅಷ್ಟು ವರ್ಷ ವಯರು ಎಳೆದವರು ಕಟ್ಟಿದ್ದು ಅದು. ನೀನು ಪುಸ್ತಕ ನೋಡಿದವಳು."

ವಿಜೇತಾ ಸ್ಪಾನರನ್ನು ಮಡಿಲಲ್ಲಿಟ್ಟು ಕೂತಳು. ಎರಡು ಇಪ್ಪತ್ತು. ಎರಡೂ ಮುಕ್ಕಾಲರ ಬಸ್ಸು ತಪ್ಪಿದರೆ ಮುಗಿಯಿತು. ಮಾಮಿ ಕದಲದೆ ನೋಡುತ್ತಿದ್ದರು. ಅವಳಿಗೆ ಉಸಿರು ಕಟ್ಟುತ್ತಿತ್ತು. ಅದು ಸೆಕೆಯಿಂದ ಮಾತ್ರ ಅಲ್ಲವೆಂದು ಅವಳಿಗೆ ಗೊತ್ತಿತ್ತು. ಇದೇ ಉಸಿರುಕಟ್ಟು ಒಂಬತ್ತು ದಿನಗಳಿಂದ ಊಟದ ಹೊತ್ತಿಗೂ ಇತ್ತು.

ಫ್ರಿಜ್ಜಿನ ಸ್ವಿಚ್ಚು ಆರಿಸಿದಳು. ನಟ್ಟು ತಿರುಗಿಸಿದಳು. ಕರಕಲು ನಾರನ್ನು ಎಳೆದು ತೆಗೆದು, ಕಂಬವನ್ನೂ ಕ್ಲಾಂಪನ್ನೂ ಚಾಕುವಿನಿಂದ ಹೊಳಪು ಬರುವಂತೆ ಕೆರೆದು, ಮತ್ತೆ ಬಿಗಿದಳು. ಮಾಮಿ ಏನೇನೋ ಅನ್ನುತ್ತಲೇ ಇದ್ದರು.

ದೀಪ ಹತ್ತಿತು. ಗುಂಡಿ ಒತ್ತಿದಳು. ಟಿಕ್. ಬಾಗಿಲು ಸರಿದು ಕಡಲ ಗಾಳಿ ಒಳಗೆ ನುಗ್ಗಿತು.

ಬಾಡಿದ ಹೂವನ್ನು ಮಾಮಿಯ ಕೈಗಿಟ್ಟು ಮಾವನಿಗೆ ಫೋನ್ ಮಾಡಿದಳು. ಆದದ್ದನ್ನು ಕೇಳಿ ಅವರು ಮೊದಲು ನಂಬಲಿಲ್ಲ, ಆಮೇಲೆ ಜೋರಾಗಿ ನಕ್ಕರು. "ಹಾಗಾದರೆ ಸಿಲ್ವೆಸ್ಟರ್ ಬೇಡವೇ ಬೇಡ. ಇನ್ನು ಯಾವ ಟ್ರಿಪ್ಪಿಗೂ ಗಾಡಿಯೊಟ್ಟಿಗೆ ನೀನೇ."

ಅವಳ ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿತ್ತು.

"ಇಲ್ಲ ಮಾವ. ನನಗೆ ಮಣಿಪಾಲದಲ್ಲಿ ಕೆಲಸ ಸಿಕ್ಕಿದೆ. ನಾಲ್ಕು ಗಂಟೆಯೊಳಗೆ ಸಹಿ ಹಾಕಬೇಕು. ಈಗ ಹೊರಟೆ."

ಆ ಕಡೆ ಮಾವ ತರಕಾರಿಯವನಿಂದ ಚಿಲ್ಲರೆ ಕೇಳಿ ತೆಗೆದುಕೊಂಡರು.

"ಸ್ಪಾನರ್ ಎಲ್ಲಿಟ್ಟೆ?"

"ಸಿಂಕಿನ ಕೆಳಗೆ."

"ಹ್ಞೂಂ. ಕೈಯಲ್ಲಿ ಮಸಿ ಇರ್ತದೆ. ಕಾಗದ ಮುಟ್ಟುವ ಮೊದಲು ಸೋಪು ಹಾಕಿ ತೊಳೆದುಕೋ."

ಚೀಲ ಹೆಗಲಿಗೇರಿಸಿ ಮರಳಿನಲ್ಲಿ ಓಡಿದಳು. ತೊಳೆಯಲು ಹೊತ್ತಿರಲಿಲ್ಲ.